ಮೂರೂವರೆ ಗಂಟೆಯ ದಾರಿ

ಗುಣಿ ತೋಡಿ ಮುಗಿಯುವಾಗ ಹೊತ್ತು ಇಳಿದಿತ್ತು. ಚಿಕ್ಕಮಾದು ಗುದ್ದಲಿ ಊರಿಕೊಂಡು ಮೇಲಕ್ಕೆ ಬಂದ. ಅವನ ತಮ್ಮ ಕೆಂಪರಾಜು ಮಸ್ಕತ್ತಿನಲ್ಲಿ ಟಿಪ್ಪರ್ ಮಗುಚಿ ಸತ್ತ ಸುದ್ದಿ ಬಂದದ್ದು ಅವತ್ತೇ ಬೆಳಿಗ್ಗೆ. ಹೊತ್ತು ಮುಳುಗುವುದರೊಳಗೆ ಸತ್ತವರನ್ನು ಮಣ್ಣು ಮಾಡುವುದು ಅವರ ವಾಡಿಕೆ. ಅದಕ್ಕೇ ತಮ್ಮನ ಹೆಂಡತಿ ದೀಪಿಕಳನ್ನು ಕೇಳಿದ್ದ: "ಅಲ್ಲಿಂದ ಬೆಂಗ್ಳೂರು ಎಷ್ಟು ದೂರವಮ್ಮ?"

ಗಂಡ ರಜಕ್ಕೆ ಬರುವಾಗಲೆಲ್ಲ ಅವಳು ಮೊಬೈಲಿನಲ್ಲಿ ನೋಡುತ್ತಿದ್ದ ಲೆಕ್ಕವೇ ಅದು. "ಎರಡು ಸಾವಿರದ ಮುನ್ನೂರು ಚಿಲ್ರೆ ಕಿಲೋಮೀಟ್ರು ಬಾವ. ವಿಮಾನದಲ್ಲಿ ಮೂರೂವರೆ ಗಂಟೆ."

"ಅಷ್ಟೇಯಾ?" ಅಂದಿದ್ದ ನಿಂಗಯ್ಯ. ಊರಿನ ಗುಣಿಗಳಿಗೆಲ್ಲ ಗೆರೆ ಎಳೆದುಕೊಡುವ ಮುದುಕ. "ಮುತ್ತತ್ತಿಗೋಗಿ ಬರಕೂ ಅಷ್ಟೊತ್ತು ಬೇಕು ಕಣ್ಲಾ. ಸಂಜೆಗೆ ಬಂದೇ ಬುಡ್ತಾನೆ, ತೋಡು."

ಸಂಜೆಗೆ ಬಂದದ್ದು ಫೋನು. ಪೊಲೀಸರ ಕಾಗದ ಆಗಬೇಕು, ಆಸ್ಪತ್ರೆಯ ಕಾಗದ ಆಗಬೇಕು, ಮೊಹರು ಬೀಳಬೇಕು. ಯಾವತ್ತು ಅಂತ ಹೇಳುವುದಕ್ಕೆ ಆಗುವುದಿಲ್ಲ.

ನಿಂಗಯ್ಯ ತಲೆ ಮೇಲೆ ಕೈಯಿಟ್ಟ. "ತೋಡಿದ್ ಗುಣಿ ರಾತ್ರಿ ಬರಿದಾಗಿರಬಾರ್ದು ಕಣ್ಲಾ ಮಾದು. ಮುಚ್ಬುಡು."

ಚಿಕ್ಕಮಾದು ಗುದ್ದಲಿಗೆ ಕೈ ಹಾಕಿದ. ದೀಪಿಕ ಓಡಿ ಬಂದು ಮಣ್ಣಿನ ಗುಡ್ಡೆಗೆ ಅಡ್ಡ ನಿಂತಳು.

"ಬ್ಯಾಡಿ ಬಾವ. ಮುಚ್ಚಿದ್ರೆ ಇನ್ನ ಬರಕಿಲ್ಲ ಅವ್ರು."

ಚಿಕ್ಕಮಾದು ಗುದ್ದಲಿ ಕೆಳಗಿಟ್ಟ. ಅವಳು ಮನೆಗೆ ಹೋಗಿ ಸೆರಗಿನಲ್ಲಿ ರಾಗಿ ತಂದಳು. ಗುಣಿಯೊಳಕ್ಕೆ ಬೊಗಸೆ ಬೊಗಸೆಯಾಗಿ ಚೆಲ್ಲಿದಳು. "ಈಗ ಬರಿದಲ್ಲ, ಅಲ್ವಾ ತಾತ?" ನಿಂಗಯ್ಯ ತೆಂಗಿನ ಗರಿ ಎಳೆದು ಗುಣಿಯ ಮೇಲೆ ಹೊದಿಸಿದ.

ಆಮೇಲೆ ದಿನಾ ಫೋನು. ಕಾಗದವೆಲ್ಲ ಆಯಿತು, ವಿಮಾನದಲ್ಲಿ ಜಾಗ ಸಿಗಲಿಲ್ಲ. ಜಾಗ ಸಿಕ್ಕಿತು, ಅವತ್ತು ಅಲ್ಲಿ ಆಫೀಸಿಗೆ ರಜ. ಚಿಕ್ಕಮಾದು ಒಂದು ಸಲ ತಡೆಯಲಾರದೆ ಕೇಳಿದ, "ಮೂರೂವರೆ ಗಂಟೆ ಅಂದಿದ್ಯಲ್ಲಮ್ಮ?"

"ಅದು ಕೂತ್ಕಂಡು ಬರೋರಿಗೆ, ಬಾವ."

ಮುಂದಿನ ವಾರ, ಒಂದು ಮಧ್ಯಾಹ್ನ ಪೆಟ್ಟಿಗೆ ಬಂತು. ಮಲಗಿದ್ದವನನ್ನು ಅದರಿಂದ ಎತ್ತಿ ಚಟ್ಟದ ಮೇಲಿಟ್ಟು ಹೊತ್ತು ತಂದರು. ನಿಂಗಯ್ಯ ಗರಿ ಸರಿಸಿದ. ನಾಲೆ ಬಯಲಿನ ತೇವದ ಮಣ್ಣು. ಗುಣಿಯ ತಳವೆಲ್ಲ ರಾಗಿ ಮೊಳೆತು, ಬಿಳಿಚಿದ ಹಸಿರು ಪೈರು ಒತ್ತಾಗಿ ಎದ್ದಿತ್ತು.

"ಗುದ್ದಲಿ ಕೊಡ್ಲಾ, ಕೆರೆದು ತೆಗೀತೀನಿ," ಅನ್ನುತ್ತ ಮುದುಕ ಒಳಕ್ಕಿಳಿದ.

"ಕೆರೀಬ್ಯಾಡಿ ತಾತ," ಅಂದಳು ದೀಪಿಕ. "ಅಲ್ಲಿಂದ ಇಲ್ಲೀಗಂಟ ಹಲಗೆ ಮೇಲೇ ಬಂದವ್ರೆ. ಮೆತ್ತಗಿರ್ಲಿ."

ನಿಂಗಯ್ಯ ಒಂದು ಪೈರೂ ತುಳಿಯದ ಹಾಗೆ ಗುಣಿಯ ಗೋಡೆಗೆ ಬೆನ್ನು ಒತ್ತಿ ನಿಂತು, ಎರಡೂ ಕೈ ಮೇಲಕ್ಕೆ ಚಾಚಿದ.