ಕೈಗೆ ಕಟ್ಟಿದ ಬಟ್ಟೆ

ಡಾಕ್ಟರ್ ಕುಮುದಿನಿಬಾಯಿ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿ, ಶಿವಗಂಗವ್ವನ ಬಲಗೈಯನ್ನು ಹೊರಳಿಸಿ ಹೊರಳಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

"ಕೈಗೇನಾಗೇದವಾ?"

"ತುರಿಕಿರಿ ಬಾಯಾರ," ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಗುರುಬಸವ್ವ ಹೇಳಿದಳು. "ಭಾಳ ದಿನದ್ದು. ಒಂದ ಮುಲಾಮ ಕೊಟ್ಟಬಿಡ್ರಿ."

ಶಿವಗಂಗವ್ವನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ತುರಿಕೆ ಇದ್ದದ್ದು ಯಾರಿಗೂ ತೋರಿಸಲಾಗದ ಜಾಗದಲ್ಲಿ. ಅಲ್ಲಿಯ ಚರ್ಮ ಬೆಳ್ಳಗೆ, ತೆಳ್ಳಗೆ ಆಗಿ ಸೀಳುತ್ತಿತ್ತು. ರಾಟೆಯ ಮುಂದೆ ಕೂತು ನೂಲು ಸುತ್ತುವುದೇ ಶಿಕ್ಷೆಯಾಗಿತ್ತು. ಕೆಟ್ಟ ರೋಗವೆಂದು ತೀರ್ಮಾನಿಸಿದ ಅತ್ತೆ ಅವಳ ಹಾಸಿಗೆ ಬೇರೆ ಮಾಡಿದ್ದಳು. ದಿನಾ ಬೇವು ಕುದಿಸಿದ ಸುಡುನೀರು, ಸೋಡಾ ಹಾಕಿ ತೊಳೆಸುತ್ತಿದ್ದಳು. ಇನ್ನು ತವರಿಗೆ ಕಳಿಸುವುದೇ ಸರಿ ಎಂದು ಮನೆಯ ಗಂಡಸರ ಮುಂದೆ ಮಾತೂ ಆಗಿತ್ತು. ಬನಹಟ್ಟಿಯಿಂದ ಜಮಖಂಡಿಗೆ ಬರುವ ಬಸ್ಸಿನಲ್ಲಿ ಗುರುತಿನವರು ಕೇಳಿದರೆ ತೋರಿಸಲಿಕ್ಕೆಂದು ಗಟ್ಟಿಮುಟ್ಟಾದ ಕೈಗೆ ಬಟ್ಟೆ ಕಟ್ಟಿದವಳೂ ಅತ್ತೆಯೇ. ಬಸ್ಸಿಳಿದ ಮೇಲೂ ಆ ಸುಳ್ಳನ್ನು ಬಿಡಬಾರದೇ!

"ಅತ್ತೀ, ನೀವ್ ಒಂದೀಟ ಹೊರಗ ಕುಂದರ್ರಿ."

"ಯಾಕ? ನನಗ ಗೊತ್ತಿಲ್ಲದ್ದು ಏನೈತಿ?"

"ಗೊತ್ತಿದ್ದದ್ದು ನೀವ್ ಹೇಳವಲ್ರಲ್ಲಾ!"

ಡಾಕ್ಟರಬಾಯಿಯೇ ಎದ್ದು ಗುರುಬಸವ್ವನನ್ನು ಹೊರಗೆ ಕೂರಿಸಿ, ಪರದೆ ಎಳೆದರು. ನೋಡಿ, ಕೇಳಿ ಮುಗಿದ ಮೇಲೆ ಅತ್ತೆಯನ್ನು ಒಳಗೆ ಕರೆದರು.

"ಇದು ಕೆಟ್ಟ ರೋಗ ಅಲ್ಲ. ಗಂಡನಿಂದ ಬಂದದ್ದಲ್ಲ, ಯಾರಿಗೂ ಹತ್ತಂಗಿಲ್ಲ. ಚರ್ಮದ ಬ್ಯಾನಿ. ಪೂರಾ ಹೋಗಂಗಿಲ್ಲ, ಖರೆ. ಆದರ ಹತೋಟ್ಯಾಗ ಇಟಗೋಬಹುದು. ನಿಮ್ಮ ಸೋಡಾ, ಸುಡುನೀರು ಇವತ್ತಿಗೆ ಬಂದ್. ಬರೇ ನೀರು, ಮೆತ್ತನ್ನ ಅರಿವಿ, ಈ ಮುಲಾಮು. ಕಡಿಮಿ ಆದ ಮ್ಯಾಲೂ ಬಂದು ತೋರಸ್ಬೇಕು."

"ಹೋಗೂದ ಇಲ್ಲಂದ್ರ ಮುಲಾಮ ಯಾಕ್ರಿ?"

"ದಿನಾ ಹಸಿವಿ ಆಗ್ತದಂತ ನೀವು ರೊಟ್ಟಿ ಬಡಿಯೂದು ಬಿಟ್ಟೀರೇನು?"

ಗುರುಬಸವ್ವ ಬಸ್ ನಿಲ್ದಾಣದವರೆಗೂ ಗೊಣಗಿದಳು. ಬೇವಿಗೆ ಹೋಗದ್ದು ಮುಲಾಮಿಗೆ ಬಗ್ಗುತ್ತದೆಯೇ, ಇವರಿಗೇನು ಗೊತ್ತು! ಆಮೇಲೆ ತಟ್ಟನೆ ನಿಂತಳು.

"ಮನ್ಯಾಗ ನಿಮ್ಮ ಮಾವ ಕೇಳ್ತಾರ. ಏನಂತ ಹೇಳ್ಲಿ?"

"ಬಾಯಾರ ಹೇಳಿದ್ದ ಹೇಳ್ರಿ. ಎಲ್ಲಿ ಆಗೈತಿ, ಏನಾಗೈತಿ, ಎಲ್ಲಾ."

"ಛೀ! ಗಂಡಸರ ಮುಂದ ಆ ಮಾತು ಹೆಂಗ ಬಾಯಾಗ ತರಲಿ?"

ಶಿವಗಂಗವ್ವ ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"'ನನ್ನ ಸೊಸಿಗೆ ಕೆಟ್ಟ ರೋಗ ಬಂದೈತಿ' ಅನ್ನೂಮುಂದ ನಾಚಿಕಿ ಬಂದಿರಲಿಲ್ಲೇನ್ರಿ, ಅತ್ತೀ?"