ಆದೆಮ್ಮನ ಲೆಕ್ಕ

ಹೊಟ್ಟೆಯಲ್ಲಿದ್ದ ಕೂಸಿನ ಡಿಎನ್‌ಎ ವರದಿಯನ್ನು ಡಾಕ್ಟರು ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದಂತೆ ಆದೆಮ್ಮ ರಾಧಾಳ ಕೈ ಹಿಡಿದುಕೊಂಡಳು. ಸೋದರಮಾವನನ್ನೇ ಮದುವೆಯಾದ ರಾಧಾಳಿಗೆ ಅವಳು ಅಜ್ಜಿಯೂ ಹೌದು, ಅತ್ತೆಯೂ ಹೌದು. ರಾಧಾಳ ಮೊದಲ ಮಗನಿಗೆ ವಂಶದಿಂದ ಬಂದ ರಕ್ತದ ರೋಗ. ತಿಂಗಳು ತಿಂಗಳೂ ರಕ್ತ ಹಾಕಿಸಲು ದೇವದುರ್ಗದಿಂದ ರಾಯಚೂರಿಗೆ ಬರಬೇಕು.

“ಡಾಕ್ಟ್ರ, ನಾಲ್ಕು ಕೂಸಿನಾಗ ಒಂದಕ್ಕ ಈ ರೋಗ ಬರ್ತದ ಅಂದಿದ್ರಿ. ಆ ಒಂದು ಆಗಿಹೋತು. ಇನ್ನ ಮೂರು ಚೊಲೋನ ಹುಟ್ತಾವ,” ಎಂದಳು ಆದೆಮ್ಮ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿದ್ದಳು.

“ಹಂಗಲ್ಲ ಯವ್ವಾ. ಪ್ರತಿ ಸಲ ಬಸುರಾದಾಗೂ ಮತ್ತ ನಾಲ್ಕರಾಗ ಒಂದ. ಹಿಂದಿಂದು ಲೆಕ್ಕಕ್ಕ ಬರಂಗಿಲ್ಲ,” ಎಂದಳು ರಾಧಾ.

ಡಾಕ್ಟರು ತಲೆಯೆತ್ತಿದರು. “ಈ ಕೂಸಿಗೆ ಆ ರೋಗ ಇಲ್ರಿ.”

“ನಾ ಹೇಳಿದ್ದಿಲ್ಲೇನು?” ಎನ್ನುತ್ತ ಆದೆಮ್ಮ ಕೈ ಬಿಟ್ಟಳು. ರಾಧಾ ನಗುತ್ತ ಹೂಂಗುಟ್ಟಿದಳು. ಅಷ್ಟು ಖಾತ್ರಿಯಿದ್ದ ಮುದುಕಿಯ ಉಗುರಿನ ಗುರುತುಗಳು ರಾಧಾಳ ಅಂಗೈಯಲ್ಲಿ ಕೆಂಪಗೆ ಮೂಡಿದ್ದವು.