ಒಂದು ಹಿಡಿ ಹೊಟ್ಟು

ಸಾಯಬೇಕಾಗಿದ್ದ ಹತ್ತು ಇಲಿಗಳು ಎಂಟನೆಯ ದಿನವೂ ಮರದ ಹೊಟ್ಟಿನ ಮೇಲೆ ಕೂತು ಕಾಳು ಕಡಿಯುತ್ತಿದ್ದವು.

ಪ್ರೊಫೆಸರರು ಪಂಜರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ, ಈ ಲಸಿಕೆಗಾಗಿ ಮೂರು ವರ್ಷ ಸವೆದ ವಿದ್ಯಾರ್ಥಿನಿ. ಎದುರಿಗೆ, ಇಲಿಗಳನ್ನು ನೋಡಿಕೊಳ್ಳುವ ಇಲಿಯಮ್ಮ.

ಭೇದಿ ತರುವ ರೋಗಾಣುವಿನ ಹಲ್ಲು ಕಿತ್ತು, ಅದನ್ನೇ ಜೀವಂತವಾಗಿ ಬಾಯಿಗೆ ಹನಿಸುವುದು, ಅದೇ ಲಸಿಕೆ. ಒಂದನೇ ಪಂಜರಕ್ಕೆ ಲಸಿಕೆ ಮಾತ್ರ. ಎರಡನೆಯದಕ್ಕೆ ಲಸಿಕೆ, ಮೂರು ವಾರದ ಮೇಲೆ ಅಸಲಿ ರೋಗಾಣು. ಮೂರನೆಯದಕ್ಕೆ ಬರೀ ರೋಗಾಣು. ಎರಡನೆಯವು ಬದುಕಬೇಕು, ಮೂರನೆಯವು ಸಾಯಬೇಕು. ಎಲ್ಲವೂ ಬದುಕಿದರೆ ಲಸಿಕೆ ಕಿಸಿದದ್ದಾದರೂ ಏನು?

ರೋಗಾಣುವಿನಲ್ಲಿ ದೋಷವಿರಲಿಲ್ಲ. ಅದೇ ಬಾಟಲಿಯ ಹನಿ ಪಕ್ಕದ ಕೋಣೆಯ ಇಲಿಗಳನ್ನು ಮೂರೇ ದಿನದಲ್ಲಿ ಮುಗಿಸಿತ್ತು.

"ಇಲಿ ಬದಲಾಯಿಸಿದ್ದೀಯಲ್ಲಮ್ಮ?" ಎಂದರು ಪ್ರೊಫೆಸರರು. "ಕರುಣೆ ಉಕ್ಕಿತಾ?"

"ಸತ್ತಾಗ ಒಂದು ದಿನಾನೂ ನನ್ನ ಕರೆದು ಕೇಳ್ಲಿಲ್ಲ ಸಾರ್. ಬದುಕಿದ್ದಕ್ಕೆ ವಿಚಾರಣೆ!" ಎಂದರು ಇಲಿಯಮ್ಮ.

"ತಮ್ಮ ಹಿಕ್ಕೆ ತಾವೇ ತಿನ್ನೋ ಪ್ರಾಣಿ. ಅದಕ್ಕೊಬ್ಬಳು ತಾಯಿ ಬೇರೆ."

ವಿದ್ಯಾರ್ಥಿನಿ ನಕ್ಕಳು. ಪ್ರೊಫೆಸರರ ಹಾಸ್ಯಕ್ಕೆ ನಗುವುದು ಸಂಶೋಧನೆಯ ಅರ್ಧ ಕೆಲಸ.

ನಗು ಅವಳನ್ನು ಉಳಿಸಲಿಲ್ಲ.

"ಈ ಲಸಿಕೆ ಕಥೆ ಮುಗೀತು. ಲಸಿಕೆ ಇರೋ ಎಲ್ಲ ಟ್ಯೂಬ್ ಬೇಯಿಸಿ ಕೊಂದುಬಿಡು. ನಾಳೆ ನನ್ನ ಪ್ರಯೋಗದ ಇಲಿಗಳು ಬರ್ತವೆ, ಜಾಗ ಬೇಕು. ಇಲಿಯಮ್ಮನಿಗೂ ನಾಳೆಯೇ ಕೊನೆ."

ಅವಳು ಬೇಯಿಸಿದಳು. ಒಂದೂ ಉಳಿಯಲಿಲ್ಲವೆಂದು ಪ್ರೊಫೆಸರರು ಖುದ್ದಾಗಿ ನಿಂತು ನೋಡಿದರು. ಮೂರು ವರ್ಷದಲ್ಲಿ ಈ ಕೆಲಸಕ್ಕೆ ಅವರು ಇಡೀ ಮಧ್ಯಾಹ್ನ ಕೊಟ್ಟದ್ದು ಅದೇ ಮೊದಲು.

ಮರುದಿನ ಅವಳು ಕೀಲಿಕೈ ಒಪ್ಪಿಸಲು ಬಂದಾಗ ಇಲಿಯಮ್ಮ ಹೊಸ ಇಲಿಗಳ ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಗವಸು ತೊಟ್ಟ ಮುಷ್ಟಿಯಲ್ಲಿ ಏನೋ ಇತ್ತು.

"ಕೆಲಸದಿಂದ ತೆಗೆದ ಮೇಲೂ ಇವರ ಇಲಿ ಸೇವೆ ಯಾಕಮ್ಮ?"

"ಇಲಿ ಏನು ತಪ್ಪು ಮಾಡಿತು? ಹೊಸ ಜಾಗ ಅಂದ್ರೆ ಕಚ್ಚಾಡ್ತವೆ ಕಣೇ. ಬೇರೆ ಪಂಜರದ ಹಳೇ ಹೊಟ್ಟು ಒಂದು ಹಿಡಿ ಹಾಕಿದ್ರೆ, ವಾಸನೆಗೆ ಸುಮ್ಮನಾಗ್ತವೆ. ನಿನ್ನ ಮೂರನೇ ಪಂಜರಕ್ಕೂ ಹಾಗೇ ಮಾಡಿದ್ದೆ. ನೀನು ಉಳಿದವಕ್ಕೆಲ್ಲ ಔಷಧಿ ಕುಡಿಸಿದ ಮಾರನೇ ದಿನ."

"ಯಾವ ಪಂಜರದ ಹೊಟ್ಟು?"

"ಒಂದನೇದು. ಇದೂ ಅದರದ್ದೇ. ಮೂರೂ ಪಂಜರದ ಇಲಿಗಳನ್ನ ಬೆಳಿಗ್ಗೆ ಒಯ್ದು ಮುಗಿಸಿದ್ರು. ಪಂಜರ ತೊಳೆಯೋ ಮುಂಚೆ ಇದೊಂದು ಹಿಡಿ ಎತ್ತಿಟ್ಟೆ, ಹಿಕ್ಕೆ ಸಮೇತ."

ಅವಳು ಇಲಿಯಮ್ಮನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಹಿಕ್ಕೆಯಲ್ಲೇ ದಾಟಿ, ಕುಡಿಸದ ಹತ್ತು ಇಲಿಗಳನ್ನೂ ಕಾಪಾಡಿದ್ದ ಲಸಿಕೆಯಲ್ಲಿ ಬೇಯದೆ ಉಳಿದದ್ದಷ್ಟೂ ಆ ಮುಷ್ಟಿಯಲ್ಲಿತ್ತು.